ಚಟ್ನಿಪುಡಿ ವೆಬ್‌ಸೈಟಿನ ಲಾಕ್

ಗೆಳೆಯರೇ, ಇವತ್ತು ಹೊಸದುರ್ಗದ ನಮ್ಮ ಕಂಪ್ಯೂಟರ್ ಅಂಗಡಿಗೆ ಶ್ರೀರಾಂಪುರದ ಗಿರಿಜಕ್ಕ ಬಂದಿದ್ರು. ವೆಬ್‌ಸೈಟ್ ಮೂಲಕ ಚಟ್ನಿಪುಡಿ ಮಾರ್ತಾರೆ. ಅದರ ಡೊಮೇನ್ ಹೆಸರನ್ನು, ಅಂದ್ರೆ ವೆಬ್‌ಸೈಟಿನ ವಿಳಾಸವನ್ನು, ಹಿಂದೆ ನೋಂದಾಯಿಸಿದ್ದು ಅವರ ಮೈದುನ. ಈಗ ಇಬ್ಬರಿಗೂ ಮಾತಿಲ್ಲ.

"ಆ ಹೆಸರು ಅವನ ಖಾತೆಯಿಂದ, ಹೆಸರು ನೋಂದಾಯಿಸೋ ಬೇರೆ ಕಂಪನಿಯಾಗಿರೋ ನನ್ನ ಖಾತೆಗೆ ಬರ್ತೈತಾ ನೋಡ್ರಿ" ಅಂದ್ರು.

ನೋಡಿದೆ. "ಬೇರೆ ಕಡೆ ಹೋಗದಂಗೆ ಲಾಕ್ ಆಗೈತಕ್ಕ. ನಿಮ್ಮ ಮೈದುನ ಅದನ್ನ ತೆಗೆದು ವರ್ಗಾವಣೆ ಕೋಡ್ ಕೊಟ್ರೆ ಮಾತ್ರ ಬರ್ತೈತೆ."

ಗಿರಿಜಕ್ಕ ಅಲ್ಲೇ ಅವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ್ರು.

"ಕೊಡಲ್ಲ ಅತ್ತಿಗೆ, ಹೆಸರು ನಂದು" ಅಂದ ಅವನು.

"ಆಯ್ತಪ್ಪ, ನೀನೇ ಇಟ್ಕೋ. ವೆಬ್‌ಸೈಟಿನಾಗೆ ಗಿರಾಕಿಗಳು ಫೋನ್ ಮಾಡೋ ಜಾಗಕ್ಕೂ ಈಗ್ಲೇ ನಿನ್ನ ನಂಬರ್ ಹಾಕಿಸ್ತೀನಿ. ಖಾರ ಜಾಸ್ತಿ ಅಂತ ಬೆಳಗ್ಗಿಂದ ಬೈತಾ ಅವ್ರೆ, ನೀನೇ ಸಮಾಧಾನ ಹೇಳು."

ಅವನು ಫೋನ್ ಇಟ್ಟ. ನಾನು ಟೀ ತರಿಸೋದ್ರೊಳಗೆ ಲಾಕ್ ತೆಗೆದಿದ್ದ, ಕೋಡೂ ಬಂತು.

"ಖಾರ ಜಾಸ್ತಿ ಅಂದಿದ್ದು ಯಾರಕ್ಕ?" ಕೇಳಿದೆ.

"ಯಾರೂ ಇಲ್ಲ. ಅವನಿಗೆ ಗುರುತಿಲ್ಲದ ಜನರ ಹತ್ರ ಮಾತಾಡೋದಂದ್ರೆ ಜ್ವರ ಬರ್ತೈತೆ" ಅಂತ ಟೀ ಕುಡಿದ್ರು.

ಇಂಥ ಲಾಕ್ ತೆಗೆಸೋಕೆ ನಾನು ಇಷ್ಟು ವರ್ಷ ಕಂಪನಿಗಳಿಗೆ ಮೇಲ್ ಹಾಕಿ ಕಾಯ್ತಾ ಕೂತಿದ್ದೆ. ಇನ್ಮೇಲೆ ಗಿರಿಜಕ್ಕನ್ನೇ ಕರೆಸೋದು.