ವಾಲಗದಯ್ಯನ ಮುಂದಲ ಹಲ್ಲು

ವಾಲಗದಯ್ಯನ ಕೆಳತುಟಿಯ ನಡುವೆ ಹುರುಳಿಕಾಳಿನಷ್ಟು ಒಂದು ಗಂಟಿತ್ತು. ನಲವತ್ತು ವರ್ಷ ನಾದಸ್ವರದ ಪೀಪಿ ಒತ್ತಿ ಒತ್ತಿ ಎದ್ದದ್ದು. ಕೊಣನೂರಿನ ಕಡೆ ಅವರಿಲ್ಲದೆ ತಾಳಿ ಕಟ್ಟಿಸುವವರೇ ಕಡಿಮೆ. ನನ್ನ ಮದುವೆಗೂ ಅವರೇ ಊದಿದ್ದು. "ಗಟ್ಟಿಮೇಳ" ಎಂದ ಕೂಡಲೇ ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ ಎತ್ತಿದರೆಂದರೆ ಚಪ್ಪರದ ಗಲಾಟೆಯೆಲ್ಲ ಅಡಗುತ್ತಿತ್ತು. ಊಟಕ್ಕೆ ಕರೆದರೆ, "ಮೊದ್ಲು ಎಣ್ಣು ಗಂಡು ಉಣ್ಲಿ ಕಣವ್ವ. ನಮ್ದು ಗಾಳಿ ಕುಡ್ದೇ ಒಟ್ಟೆ ತುಂಬೈತೆ" ಅನ್ನುತ್ತಿದ್ದರು.

ಅರಕಲಗೂಡಿನಲ್ಲಿ ನಾನು ಹಲ್ಲಿನ ಕ್ಲಿನಿಕ್ ಇಟ್ಟ ಮೇಲೆ ಒಂದು ದಿನ ಬಾಯಿಗೆ ಟವಲು ಒತ್ತಿಕೊಂಡು ಬಂದರು. ಮೇಲಿನ ಮುಂದಲ ನಾಲ್ಕೂ ಹಲ್ಲು ಅಲ್ಲಾಡುತ್ತಿದ್ದವು. ಕುರ್ಚಿಯಲ್ಲಿ ಒರಗಿದವರೇ ಪ್ರಶ್ನೆ ಶುರು ಮಾಡಿದರು.

"ಡಾಕ್ಟ್ರವ್ವ, ಮೇಲಿನ್ ಅಲ್ಲು ಕಿತ್ರೆ ಕಣ್ಣು ಓಗ್ತದಂತೆ, ದಿಟ್ವಾ?"

ನಕ್ಕೆ. ಆ ಪ್ರಶ್ನೆ ಕೇಳದವರು ನಮ್ಮ ತಾಲ್ಲೂಕಿನಲ್ಲಿ ಒಬ್ಬರೂ ಇಲ್ಲ. ಕಣ್ಣಿನ ನರ ಬೇರೆ, ಹಲ್ಲಿನ ನರ ಬೇರೆ ಎಂದು ವಿವರಿಸಿದೆ.

"ಕಟ್ಸಿದ್ ಅಲ್ಲಲ್ಲಿ ಮುದ್ದೆ ಉಣ್ಬೋದಾ?"

"ಮುದ್ದೆ ಯಾರಾದ್ರೂ ಅಗೀತಾರಾ? ನುಂಗೋದು ತಾನೆ!"

"ಅಂಗಾದ್ರೆ, ವಾಲಗ ಊದ್ಬೋದಾ?"

"ಊದಿ, ಯಾರು ಬೇಡ ಅಂತಾರೆ?" ಎಂದೆ, ಸೂಜಿಗೆ ಮದ್ದು ತುಂಬುತ್ತಾ. ಯೋಚಿಸಿ ಆಡಿದ ಮಾತಲ್ಲ ಅದು.

ನಿಜ ಹೇಳಬೇಕೆಂದರೆ, ಎರಡು ಹಲ್ಲು ಮಾತ್ರ ಹೋಗಬೇಕಿತ್ತು. ಇನ್ನೆರಡನ್ನು ವಸಡು ಕ್ಲೀನ್ ಮಾಡಿ, ನಾಲ್ಕೈದು ಸಲ ಬರಹೇಳಿ ಉಳಿಸಬಹುದಿತ್ತು. ಆದರೆ ಹಳ್ಳಿಯವರು ನೋವು ನಿಂತ ಮೇಲೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದು, ಸಡಿಲವಾದದ್ದನ್ನೆಲ್ಲ ಒಂದೇ ಸಲಕ್ಕೆ ಕೀಳುವ ಅಭ್ಯಾಸ ಮಾಡಿಕೊಂಡಿದ್ದೆ. ಮತ್ತೆ ಬರುತ್ತೀರಾ ಎಂದು ಅವರನ್ನು ಕೇಳಲೂ ಇಲ್ಲ. ನಾಲ್ಕನ್ನೂ ಕಿತ್ತೆ. ಹೊಸ ಹಲ್ಲು ಕೂರಿಸಲು ಆ ಮನುಷ್ಯ ಆಮೇಲೆ ಐದು ಸಲ ಬಸ್ಸು ಹತ್ತಿ ಬಂದರು, ಒಂದು ಸಲವೂ ತಪ್ಪಿಸದೆ!

ಪೇಟೆಯಲ್ಲಿ ಸಿಕ್ಕಾಗಲೆಲ್ಲ "ಊದ್ತೀರಾ?" ಎಂದು ಕೇಳುತ್ತಿದ್ದೆ. "ಊದ್ದೆ ಇರ್ತೀನಾ ಕಣವ್ವ! ಎಲ್ಲ ನಿಮ್ ಕೈಗುಣ" ಎಂದು ಹೊಸ ಹಲ್ಲು ತೋರಿಸಿ ನಗುತ್ತಿದ್ದರು. ಹಲ್ಲು ನೋವು ಎಂದವರನ್ನೆಲ್ಲ ಅವರೇ ನನ್ನ ಕ್ಲಿನಿಕ್ಕಿಗೆ ಕಳಿಸುತ್ತಿದ್ದರು. ನಾನು ಬೀಗುತ್ತಿದ್ದೆ, ಥೂ.

ಹೋದ ವರ್ಷ ತೀರಿಕೊಂಡರು. ತಿಥಿ ಕಳೆದ ಮೇಲೆ ಮಾತಾಡಿಸಲು ಹೋದಾಗ ಅವರ ಹೆಂಡತಿ ಹೇಳಿದರು: "ಅಲ್ಲು ಕಟ್ಸಿದ್ಮೇಲೆ ಒಂದಿನಾನೂ ಊದ್ಲಿಲ್ಲ ಕಣವ್ವ. ಪೀಪಿ ಬಾಯಿಗಿಟ್ರೆ ಅಲ್ಲು ಜಾರೋದು, ಗಾಳಿ ಸೋರೋದು. ಮದ್ವೆ ಮನೇಲಿ ತಾಳ ಆಕ್ಕೊಂಡು ಕೂರೋರು. ಡಾಕ್ಟ್ರವ್ವಂಗೆ ಯೇಳ್ಬ್ಯಾಡ, ಮನ್ಸಿಗೆ ಅಚ್ಕೊಂಡ್ಬುಡ್ತಾರೆ ಅಂದಿದ್ರು. ಓಗಂಗಿದ್ದ ಅಲ್ಲು ಓದ್ವು, ನೀವೇನ್ ಮಾಡೀರಿ?"

ಎರಡು ಉಳಿಯುತ್ತಿದ್ದವು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಕಾಫಿ ಲೋಟ ಕೈಗಿಟ್ಟರು. ಕುಡಿದು ಎದ್ದು ಬಂದೆ.