ಬುಗುರಿಯ ಮುಂದಿನ ಎರಡು ಹಲ್ಲು

ಹಲ್ಲಕ್ಕನ ಮುಂದೆ ಒಮ್ಮೆ ಬಾಯಿ ತೆರೆದವರು ಮತ್ತೆ ಬಾಯಿ ಮರೆಮಾಚಿಕೊಂಡು ತಿರುಗಿದ್ದಿಲ್ಲ. ಇದು ಅವಳೇ ಹೇಳಿಕೊಳ್ಳುವ ಮಾತು. ತನ್ನ ಬಗ್ಗೆ ಹೇಳಿಕೊಳ್ಳುವಾಗ ಸಂಕೋಚಪಡುವ ಅಭ್ಯಾಸ ಅವಳಿಗೆ ಹುಟ್ಟಿನಿಂದಲೇ ಇಲ್ಲ. ಹಲ್ಲು ಉದುರಿದವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕಸುಬು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಅಂಗಡಿಯ ಮೇಲೆ ಅವಳವು ಎರಡು ಕೋಣೆ. ಮುಂದಿನದರಲ್ಲಿ ಒಂದು ಒರಗುಕುರ್ಚಿ, ಒಂದು ಬೇಸಿನ್ನು, ಕಿಟಕಿಯ ಪಕ್ಕ ಬೆಳಕು ಚೆನ್ನಾಗಿ ಬೀಳುವ ಕಡೆ ಕನ್ನಡಿ. ಹಿಂದಿನದರಲ್ಲಿ ಮೇಣ ಕರಗಿಸುವ ಪುಟ್ಟ ಸ್ಟೌ, ಪಾಲಿಶ್ ಮಾಡುವ ಚಕ್ರ, ಅರ, ಚಿಮಟ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು. ಊರಿನ ಅರ್ಧ ಹಿರಿಯರ ಬಾಯಿಗಳ ಅಚ್ಚು ಅಲ್ಲಿದೆ. "ಇವರೆಲ್ಲ ಇಷ್ಟು ಸುಮ್ನೆ ಇರೋದು ಈ ಕೋಣೇಲಿ ಮಾತ್ರ" ಎಂದು ಅವಳು ಬಂದವರಿಗೆ ತೋರಿಸುತ್ತಾಳೆ.

ಕೆಲಸ ಕಲಿತದ್ದು ಒಬ್ಬ ಸಿಡುಕು ಮುದುಕನ ಬಳಿ. ಪ್ಲಾಸ್ಟರ್ ಕಲಸಿದ ಬಟ್ಟಲು ತೊಳೆಯಲೆಂದು ಸೇರಿದ ಹುಡುಗಿ ಅವಳು. ಮುದುಕನ ಕೈ ನಡುಗಲು ಶುರುವಾದಾಗ ಅವನು ಬೈಯುತ್ತಾ ಹೋದ, ಇವಳು ಮಾಡುತ್ತಾ ಹೋದಳು. ಕೊನೆಗೆ ಬೈಗುಳ ಮಾತ್ರ ಅವನದು, ಹಲ್ಲೆಲ್ಲ ಇವಳದು. ಈಗ ಆ ಎರಡೂ ಅವಳವೇ. ಗಿರಾಕಿ ಎಷ್ಟೇ ದೊಡ್ಡ ಮನುಷ್ಯನಾಗಲಿ, ಅವಳ ಮಾತು ಕಡ್ಡಿ ಮುರಿದ ಹಾಗೆ. ವಯಸ್ಸಾದ ವಕೀಲರೊಬ್ಬರು ಹಾಲಿನಂಥ ಬಿಳಿ ಹಲ್ಲೇ ಬೇಕೆಂದು ಹಟ ಹಿಡಿದಾಗ, "ಸ್ವಾಮಿ, ಅಷ್ಟು ಬಿಳಿ ಇಟ್ರೆ ಕೋರ್ಟಲ್ಲಿ ಜನ ನಿಮ್ಮ ವಾದ ಕೇಳಲ್ಲ, ಹಲ್ಲು ನೋಡ್ತಾ ಕೂರ್ತಾರೆ" ಎಂದಿದ್ದಳು. ವಕೀಲರು ತೆಪ್ಪಗೆ ಅವಳು ಆರಿಸಿದ ಬಣ್ಣ ಒಪ್ಪಿಕೊಂಡರು.

ಮದುವೆಯ ವಿಷಯ ಯಾರಾದರೂ ಎತ್ತಿದರೆ ಅದಕ್ಕೂ ಉತ್ತರ ಸಿದ್ಧ. "ದಿನಾ ಇಷ್ಟು ಜನ ನನ್ನ ಮುಂದೆ ಬಾಯಿ ಬಿಟ್ಕೊಂಡು ಕೂರ್ತಾರೆ. ಮನೇಲೂ ಒಬ್ಬ ಬೇಕಾ?"

ಅವಳದೊಂದು ಕಟ್ಟಳೆಯಿತ್ತು. ಸೆಟ್ಟು ಬಾಯಿಗಿಟ್ಟು ನೋಡಿದ ಮೇಲೆ ಗಿರಾಕಿ ಒಮ್ಮೆ ಮನಸಾರೆ ನಗಬೇಕು. ಫೋಟೋಗೆ ನಗುವ ನಗು ಲೆಕ್ಕಕ್ಕಿಲ್ಲ. ಹೊಟ್ಟೆಯಿಂದ ನಗು ಬಂದಾಗಲೇ ದವಡೆ ತನ್ನ ಪಾಡಿಗೆ ತಾನು ಅಲ್ಲಾಡುತ್ತದೆ, ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲ ಎಂಬುದು ಆಗ ತಿಳಿಯುತ್ತದೆ. ಅದಕ್ಕಾಗಿ ಅವಳು ಪೋಲಿ ಜೋಕು ಹೇಳಲೂ ಹಿಂಜರಿಯಳು. ನಗದವರಿಗೆ ಸೆಟ್ಟು ಇಲ್ಲ, ನಾಳೆ ಬನ್ನಿ.

ಇಂಥ ಹಲ್ಲಕ್ಕನನ್ನು ಬೆರಳ ತುದಿಯಲ್ಲಿ ಕುಣಿಸುತ್ತಿದ್ದ ಜೀವ ಈ ಲೋಕದಲ್ಲಿ ಒಂದೇ, ಅವಳ ತಂಗಿಯ ಮಗಳು. ನಿಂತಲ್ಲಿ ನಿಲ್ಲದ ಆ ಹುಡುಗಿಗೆ ಬುಗುರಿ ಎಂದು ಹೆಸರಿಟ್ಟವಳೂ ಹಲ್ಲಕ್ಕನೇ. ಬುಗುರಿಯ ಅಪ್ಪ ದೂರದ ಊರುಗಳಿಗೆ ಲಾರಿ ಓಡಿಸುವವನು, ಅಮ್ಮ ಚಪ್ಪಲಿ ಅಂಗಡಿಯಲ್ಲಿ ಕೆಲಸದವಳು. ಹಾಗಾಗಿ ಶಾಲೆ ಬಿಟ್ಟ ಕೂಡಲೇ ಮಗು ದೊಡ್ಡಮ್ಮನ ಹಿಂದಿನ ಕೋಣೆಗೆ ಬರುತ್ತಿತ್ತು. ಗುಲಾಬಿ ಮೇಣದಲ್ಲಿ ಹಾವು ಹೊಸೆಯುತ್ತಾ, ಹಲಗೆಯ ಮೇಲಿನ ದವಡೆಗಳಿಗೆ ಪಾಠ ಹೇಳುತ್ತಾ, ಬಾಯಿ ಮುಚ್ಚದೆ ಹರಟುತ್ತಾ ಸಂಜೆ ಮಾಡುತ್ತಿತ್ತು. ಮಗುವಿನ ಸದ್ದಿಲ್ಲದ ರಜಾದಿನಗಳಲ್ಲಿ ಹಲ್ಲಕ್ಕನಿಗೆ ಕೆಲಸವೇ ಸಾಗುತ್ತಿರಲಿಲ್ಲ. ಇದನ್ನು ಮಾತ್ರ ಅವಳು ಯಾರ ಬಳಿಯೂ ಹೇಳಿಕೊಂಡವಳಲ್ಲ.

ಹಿಂದಿನ ವರ್ಷ ಹೊಸ ಮಾಲ್‌ನವರು ಪುಟಾಣಿ ಸುಂದರಿಯರ ಸ್ಪರ್ಧೆ ಇಟ್ಟರು. ತಂಗಿ ತಮಾಷೆಗೆಂದು ಮಗಳ ಹೆಸರು ಕೊಟ್ಟಳು. ಬುಗುರಿ ವೇದಿಕೆಯ ಮೇಲೆ ಎರಡು ಸುತ್ತು ಗಿರಗಿರನೆ ತಿರುಗಿ, ಜನರನ್ನು ನಗಿಸಿ, ಕಿರೀಟ ಹೊತ್ತು ಬಂದಳು. ಅಂದಿನಿಂದ ತಂಗಿಗೆ ಅದು ತಲೆಗೇರಿತು. ಭಾನುವಾರ ಬಂತೆಂದರೆ ಒಂದಲ್ಲ ಒಂದು ಸಭಾಂಗಣ. ಕೂದಲಿಗೆ ಸ್ಪ್ರೇ, ತುಟಿಗೆ ಬಣ್ಣ, ಸೊಂಟದ ಮೇಲೆ ಕೈಯಿಟ್ಟು ನಡೆಯುವ ಅಭ್ಯಾಸ, ಹಿಮ್ಮಡಿ ಎತ್ತರದ ಪುಟ್ಟ ಚಪ್ಪಲಿ. ಗಿರಗಿರ ತಿರುಗುವುದಂತೂ ಎಲ್ಲಕ್ಕಿಂತ ಮೊದಲು ನಿಂತಿತು, ಮಾಡಿದ ಕೂದಲು ಕೆಡುತ್ತದೆಂದು.

ಹಲ್ಲಕ್ಕ ಮೂಗು ಮುರಿದಳು, ಗೊಣಗಿದಳು, ಅಷ್ಟಕ್ಕೇ ಬಿಟ್ಟಳು. ಹೆತ್ತವಳ ಮುಂದೆ ದೊಡ್ಡಮ್ಮನ ಅಧಿಕಾರ ಎಲ್ಲಿ ಮುಗಿಯುತ್ತದೆಂದು ಅವಳಿಗೆ ಗೊತ್ತಿತ್ತು.

ದೊಡ್ಡ ಸ್ಪರ್ಧೆಯೊಂದು ಹತ್ತಿರ ಬಂದಾಗ ಬುಗುರಿಯ ಮುಂದಿನ ಎರಡು ಹಾಲುಹಲ್ಲು ಬೆನ್ನುಬೆನ್ನಿಗೆ ಬಿದ್ದುಹೋದವು. ತಂಗಿ ಕೆಲಸ ಬಿಟ್ಟು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು.

"ಅಕ್ಕಾ, ಇವಳಿಗೊಂದು ಪ್ಲೇಟು ಮಾಡ್ಕೊಡು. ಎರಡೇ ಹಲ್ಲು."

"ತಲೆ ಕೆಟ್ಟಿದೆಯಾ? ಆರು ವರ್ಷದ ಕೂಸಿಗೆ ಕಟ್ಟುಹಲ್ಲಾ?"

"ಬೇರೆ ಮಕ್ಕಳೆಲ್ಲ ಹಾಕ್ಕೊಂಡು ಬರ್ತಾರೆ ಕಣೇ. ಬೋಡುಬಾಯಿ ಇಟ್ಕೊಂಡು ನಿಂತ್ರೆ ಇವಳನ್ನ ಯಾರು ನೋಡ್ತಾರೆ?" ತಂಗಿಯ ದನಿ ತಗ್ಗಿತು. "ಅಕ್ಕಾ, ದಿನವಿಡೀ ಬಗ್ಗಿ ಕೂತು ಜನರ ಪಾದ ನೋಡ್ತೀನಿ ನಾನು. ಒಬ್ರೂ ನನ್ನ ಮುಖ ನೋಡಲ್ಲ, ಚಪ್ಪಲಿ ನೋಡ್ತಾರೆ. ನನ್ನ ಮಗಳನ್ನಾದ್ರೂ ಜನ ತಲೆಯೆತ್ತಿ ನೋಡ್ಲಿ."

ಹಲ್ಲಕ್ಕ ಒಪ್ಪಿಕೊಂಡಳು. ತಂಗಿಯ ಈ ಮಾತು ಅರ್ಧ ಕಾರಣ. ಉಳಿದರ್ಧ, ಇಷ್ಟು ಪುಟ್ಟ ಕೆಲಸವನ್ನು ಅವಳೆಂದೂ ಮಾಡಿರಲಿಲ್ಲ, ಮಾಡಿ ನೋಡಬೇಕೆಂದು ಕೈ ತುರಿಸಿತು. ಹಾಲುಹಲ್ಲಿನ ಆ ನೀಲಿ ಬೆರೆತ ಬಿಳುಪು ಬರಿಸಲು ಎಷ್ಟೋ ತುಣುಕು ಎಸೆದಳು. ಅಂಗುಳಿಗೆ ಎಲೆಯಷ್ಟು ತೆಳ್ಳಗೆ ಕೂರುವ ಗುಲಾಬಿ ಪ್ಲೇಟು, ಅದರ ಅಂಚಿನಲ್ಲಿ ಕಾಳಿನಂಥ ಎರಡು ಹಲ್ಲು. ಬಾಯಿಗಿಟ್ಟರೆ ದೇವರಿಗೂ ಗೊತ್ತಾಗದಂತಿತ್ತು.

"ಈಗ ನಗು ನೋಡೋಣ" ಎಂದಳು. ಬುಗುರಿ ಕುತ್ತಿಗೆ ಸ್ವಲ್ಪ ಓರೆ ಮಾಡಿ, ರೆಪ್ಪೆ ಬಡಿದು, ತುಟಿ ಅಗಲಿಸಿದಳು. ಸ್ಪರ್ಧೆಗೆ ಕಲಿಸಿದ ನಗು.

"ಅದಲ್ಲ ಕಣೇ, ನಮ್ಮ ನಗು." ಹಲ್ಲಕ್ಕ ತನ್ನ ಬತ್ತಳಿಕೆಯ ಅತ್ಯುತ್ತಮ ಜೋಕು ತೆಗೆದಳು, ವಕೀಲರ ಸೆಟ್ಟು ಹೂಜಿಯೊಳಗೆ ಬಿದ್ದ ಕಥೆ. ಬುಗುರಿ ಈ ಕಥೆಗೆ ಯಾವಾಗಲೂ ನೆಲಕ್ಕೆ ಬಿದ್ದು ಹೊರಳಾಡುವವಳು. ಅಂದು ತುಟಿ ಬಿಗಿಹಿಡಿದು ಕೂತಳು.

"ಜೋರಾಗಿ ನಕ್ರೆ ಬಿದ್ದೋಗುತ್ತೆ ಅಂತ ಅಮ್ಮ ಹೇಳಿದಾಳೆ ದೊಡ್ಡಮ್ಮ."

ನಗದವರಿಗೆ ಸೆಟ್ಟಿಲ್ಲ ಎಂಬ ಕಟ್ಟಳೆ ಅಂದು ಮೊದಲ ಬಾರಿ ಮುರಿಯಿತು. ತಂಗಿ ಬಾಗಿಲಲ್ಲೇ ಆತುರದಿಂದ ನಿಂತಿದ್ದಳು. ಹಲ್ಲಕ್ಕ ಪ್ಲೇಟನ್ನು ಡಬ್ಬಿಯಲ್ಲಿಟ್ಟು ಕೊಟ್ಟಳು.

ಬುಗುರಿ ಗೆದ್ದಳು. ಕಿರೀಟದ ಫೋಟೋ ಚಪ್ಪಲಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ತೂಗಿತು. ತಂಗಿಯ ಮುಖ ಅರಳಿ ಮೊರದಗಲವಾಯಿತು. ಬೀಗ ರಿಪೇರಿಯವನು ಸಹ ಮೇಲೆ ಬಂದು ಹಲ್ಲಕ್ಕನಿಗೆ ಅಭಿನಂದನೆ ಹೇಳಿ ಹೋದ.

ಆದರೆ ಹಿಂದಿನ ಕೋಣೆಯಲ್ಲಿ ಸದ್ದು ಕಡಿಮೆಯಾಗುತ್ತಾ ಬಂತು. ಬುಗುರಿ ಬರುತ್ತಿದ್ದಳು, ಮೂಲೆಯ ಸ್ಟೂಲಿನ ಮೇಲೆ ಕೂರುತ್ತಿದ್ದಳು, ಮೇಣ ಕೊಟ್ಟರೆ ಹೊಸೆಯುತ್ತಿದ್ದಳು. ದವಡೆಗಳಿಗೆ ಪಾಠವಿಲ್ಲ. ಸೇಬು ಹೆಚ್ಚಿಕೊಟ್ಟರೆ ಬೇಡ. ಅಪ್ಪಿತಪ್ಪಿ ನಗು ಬಂದರೆ ಅಂಗೈ ಬಾಯಿಗೆ ಅಡ್ಡ. ಆ ಅಡ್ಡಗೈಯನ್ನು ಹಲ್ಲಕ್ಕ ಬದುಕಿಡೀ ನೋಡಿದ್ದಾಳೆ. ಅರವತ್ತು ದಾಟಿದವರು, ಹಲ್ಲು ಹೋದ ನಾಚಿಕೆಗೆ ಮಕ್ಕಳ ಮದುವೆಯಲ್ಲೂ ಕರವಸ್ತ್ರ ಹಿಡಿದು ನಗುವವರು, ಹಾಗೆ ಅವಳ ಮೆಟ್ಟಿಲು ಹತ್ತಿ ಬರುತ್ತಾರೆ. ಇದು ಆರು ವರ್ಷದ ಕೈ.

"ಬಾ ಇಲ್ಲಿ, ಕುರ್ಚಿ ಹತ್ತು" ಎಂದಳು. ದೀಪ ಹಚ್ಚಿ ಬಾಯಿ ತೆರೆಸಿದಳು. ಪ್ಲೇಟು ಬಾಯಲ್ಲೇ ಇತ್ತು. ತೆಗೆದರೆ, ಅಂಗುಳ ಕೆಂಪಗೆ ಊದಿ ಪ್ಲೇಟಿನ ಅಂಚಿನ ಗುರುತು ಗೆರೆ ಕೊರೆದ ಹಾಗೆ ಕೂತಿತ್ತು. ಮಲಗುವಾಗಲೂ ಸೆಟ್ಟು ತೆಗೆಯದ ಹಟಮಾರಿ ಮುದುಕರ ಬಾಯಿ ಹೀಗಿರುತ್ತದೆ.

"ರಾತ್ರಿನೂ ಹಾಕ್ಕೊಂಡೇ ಮಲಗ್ತೀಯಾ?"

ಬುಗುರಿ ತಲೆಯಾಡಿಸಿದಳು. "ಅಮ್ಮಂಗೆ ಗೊತ್ತಿಲ್ಲ. ಅಮ್ಮ ತೆಗೆದು ಡಬ್ಬೀಲಿ ಇಡ್ತಾಳೆ. ಅವಳು ಮಲಗಿದ ಮೇಲೆ ನಾನು ಹಾಕ್ಕೋತೀನಿ."

"ಯಾಕಮ್ಮಾ?"

"ಹಾಕ್ಕೊಳ್ದೆ ಇದ್ರೆ ದೊಡ್ಡ ಹಲ್ಲು ಬಂದ್ಬಿಡುತ್ತೆ."

ಹಲ್ಲಕ್ಕ ಬೆರಳಿನಿಂದ ವಸಡು ಸವರಿದಳು. ಹೊಸ ಹಲ್ಲಿನ ತುದಿ ಆಗಲೇ ಒಂದು ಕಡೆ ಚರ್ಮ ಸೀಳಿ ಇಣುಕುತ್ತಿತ್ತು. ಎಷ್ಟೋ ಸಾವಿರ ಹಲ್ಲು ಮಾಡಿದ ಕೈಗೆ ಅದರ ಚೂಪು ತಾಗಿದಾಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅವಳು ಅಳಲಿಲ್ಲ, ಅಳುವುದು ಅವಳ ಜಾಯಮಾನವಲ್ಲ. ಪ್ಲೇಟು ತೊಳೆದು ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಅಂದು ಸಂಜೆಯೇ ತಂಗಿ ಬೇರೆ ಬೇಡಿಕೆ ಹೊತ್ತು ಬಂದಳು.

"ಪ್ಲೇಟು ಸರಿಯಾಗಿ ಕೂರ್ತಿಲ್ಲ ಅಕ್ಕಾ, ಮಾತಾಡಿದ್ರೆ ಅಲ್ಲಾಡುತ್ತೆ. ಮುಂದಿನ ಭಾನುವಾರ ಮತ್ತೊಂದಿದೆ. ಸ್ವಲ್ಪ ಬಿಗಿ ಮಾಡ್ಕೊಡು."

"ಮಾಡಲ್ಲ. ಇನ್ಮೇಲೆ ಈ ಕೆಲಸ ನನ್ನಿಂದ ಆಗಲ್ಲ. ಮೊದಲು ಮಾಡಿದ್ದೇ ತಪ್ಪು, ಆ ತಪ್ಪು ನಂದು."

"ಓಹೋ! ಊರಿನ ಮುದುಕರಿಗೆಲ್ಲ ಹಲ್ಲು ಕಟ್ಟಿ ಚೆಂದ ಮಾಡಿ ಕಳಿಸ್ತೀಯ. ಅದು ಪುಣ್ಯದ ಕೆಲಸ, ನನ್ನ ಮಗಳಿಗೆ ಮಾಡಿದ್ರೆ ಪಾಪವಾ?"

ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಹಲ್ಲಕ್ಕ ಒಂದು ಕ್ಷಣ ಯೋಚಿಸಿಯೇ ಉತ್ತರ ಕೊಟ್ಟಳು.

"ಅವರು ತಾವಾಗೇ ಬಂದು ಕೇಳ್ತಾರೆ. ಅವರು ಕಳ್ಕೊಂಡಿದ್ದನ್ನ ನಾನು ವಾಪಸ್ ಕೊಡ್ತೀನಿ. ಇವಳು ಏನು ಕಳ್ಕೊಂಡಿದಾಳೆ ಹೇಳು? ಬರಬೇಕಾದ್ದು ಬರ್ತಾ ಇದೆ. ಅದಕ್ಕೆ ಅಡ್ಡ ನಿಂತಿರೋರು ನಾವಿಬ್ರು."

ತಂಗಿ ಕೆಂಡವಾದಳು. "ನಿನಗೆ ಮಕ್ಕಳಿಲ್ಲ, ನಿನಗೇನು ಗೊತ್ತು? ನೀನಲ್ಲದಿದ್ರೆ ಮಾರ್ಕೆಟ್ ರಸ್ತೇಲಿ ಇನ್ನೊಬ್ಬನಿದಾನೆ, ಅವನ ಹತ್ರ ಮಾಡಿಸ್ತೀನಿ. ನಾಳೆಯಿಂದ ಇವಳು ಇಲ್ಲಿಗೆ ಬರೋದೂ ಬೇಡ. ನಡಿಯೇ."

ಬುಗುರಿ ಇಲ್ಲದ ಸಂಜೆಗಳು ಒಂದರ ಹಿಂದೊಂದು ಹಲ್ಲಕ್ಕನ ಕಣ್ಮುಂದೆ ಬಂದು ನಿಂತವು. 'ಆಯ್ತು, ಬಿಗಿ ಮಾಡ್ಕೊಡ್ತೀನಿ' ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ನಿಜ. ಅದನ್ನು ನುಂಗಿಕೊಂಡಳು. ಮಗು ತನ್ನ ಕಣ್ಣಿಗೆ ಬೀಳದಿದ್ದರೂ ಪರವಾಗಿಲ್ಲ, ಹೀಗೆ ತನ್ನ ಕೈಯಿಂದಲೇ ಕುಗ್ಗುವುದು ಬೇಡ ಎನಿಸಿತು.

"ಕರ್ಕೊಂಡ್ಹೋಗು, ನಿನ್ನ ಮಗಳು" ಎಂದಳು. "ಆದ್ರೆ ಮೊದಲು ಕೈ ತೊಳ್ಕೊಂಡು ಬಂದು ಇವಳ ವಸಡು ಮುಟ್ಟಿ ನೋಡು. ಆಮೇಲೆ ಯಾರ ಹತ್ರ ಬೇಕಾದ್ರೂ ಹೋಗು."

ಅಕ್ಕನ ದನಿಯಲ್ಲಿ ಏನಿತ್ತೋ, ತಂಗಿ ಮುಖ ಊದಿಸಿಕೊಂಡೇ ಬೇಸಿನ್ನಿಗೆ ಹೋಗಿ ಕೈ ತೊಳೆದಳು. ಬುಗುರಿ ಕುರ್ಚಿ ಹತ್ತಿ ಬಾಯಿ ತೆರೆದಳು. ತಾಯಿಯ ಬೆರಳು ಒಳಗೆ ಹೋಗಿ, ಒಂದು ಕಡೆ ನಿಂತು, ತಟ್ಟನೆ ಹಿಂದೆ ಬಂತು.

ಬುಗುರಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಅವಳಿಗೆ ಕಂಡದ್ದು ಕೋಪವೇ ಇರಬೇಕು. ಗಾಬರಿಯಿಂದ ಹೇಳಿದಳು:

"ಸಾರಿ ಅಮ್ಮಾ. ಸ್ವಲ್ಪವೇ ಸ್ವಲ್ಪ ಬಂದಿದೆ. ನಾನು ದಿನಾ ರಾತ್ರಿ ಪ್ಲೇಟು ಹಾಕ್ಕೊಂಡು ಒತ್ತಿ ಹಿಡ್ಕೊಂಡೇ ಇದೀನಿ. ನೀನು ಹೇಳಿದ್ಯಲ್ಲ, ಉಬ್ಬುಹಲ್ಲು ಬಂದ್ರೆ ಎಲ್ಲ ಮುಗೀತು ಅಂತ. ಇವತ್ತಿಂದ ಇನ್ನೂ ಗಟ್ಟಿಯಾಗಿ ಒತ್ತಿ ಹಿಡೀತೀನಿ. ಬರಕ್ಕೆ ಬಿಡಲ್ಲ."

ಕೆಳಗೆ ಬೀಗದವನು ಕೀಲಿ ಅರೆಯುವ ಸದ್ದು ಕೇಳುತ್ತಿತ್ತು. ತಂಗಿ ಒದ್ದೆ ಕೈಯನ್ನು ಹಾಗೆಯೇ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದಳು. ಹಲ್ಲಕ್ಕ ಜೇಬಿನಲ್ಲಿ ಕೈಯಿಟ್ಟು ಪ್ಲೇಟನ್ನು ಹಿಡಿದುಕೊಂಡೇ ನಿಂತಳು.

"ನಾನು ಅದನ್ನ ಫೋನಲ್ಲಿ ಯಾರಿಗೋ ಹೇಳಿದ್ದು" ಎಂದಳು ತಂಗಿ ಕೊನೆಗೆ, ಅಕ್ಕನಿಗೋ ತನಗೋ ತಿಳಿಯದಂತೆ. "ಶಾಲೇಲಿ ನನ್ನನ್ನ ಮೊಲ ಅಂತಿದ್ರು ಅಕ್ಕಾ. ಮೇಷ್ಟ್ರು ಕೂಡ. ಇವಳಿಗೆ ಅದು ಬರಬಾರದು ಅಂತ..." ಬಿಕ್ಕಿ ಬಿಕ್ಕಿ ಅತ್ತಳು.

ಬುಗುರಿ ಕುರ್ಚಿಯಿಂದಿಳಿದು ಬಂದಳು. ಅಮ್ಮ ಅಳುವುದನ್ನು ಅವಳು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಅಳುವಾಗ ತೆರೆದ ಬಾಯಲ್ಲಿ ಅಮ್ಮನ ಮುಂದಿನ ಎರಡು ಹಲ್ಲು, ದೊಡ್ಡವು, ತುಸು ಮುಂದೆ ಬಂದವು, ಪೂರ್ತಿ ಕಾಣುತ್ತಿದ್ದವು. ಹುಡುಗಿ ಅವನ್ನು ಕಣ್ಣರಳಿಸಿ ನೋಡಿದಳು.

"ನನ್ನ ಹಲ್ಲೂ ಇದೇ ಥರ ಬರುತ್ತಾ?"

"ಹೂಂ ಕಣೇ" ಎಂದಳು ತಾಯಿ. "ಇದೇ ಥರ ಬರುತ್ತೆ ಅನ್ಸುತ್ತೆ."

ಬುಗುರಿ ತನ್ನ ವಸಡಿನ ಆ ಚೂಪನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು. ದೊಡ್ಡಮ್ಮನ ಕಡೆ ಒಮ್ಮೆ ತಿರುಗಿದಳು, ಮತ್ತೆ ಅಮ್ಮನ ಕಡೆ. ಆಮೇಲೆ, ಆಟಕ್ಕೆ ಹೊರಗೆ ಹೋಗಲು ಕೇಳುವಾಗಿನ ಅದೇ ದನಿಯಲ್ಲಿ ಕೇಳಿದಳು:

"ಹಾಗಾದ್ರೆ ಅದು ಬರಬಹುದಾ ಅಮ್ಮಾ?"

ತಾಯಿ ಮಗಳ ಮುಖವನ್ನು ಎರಡೂ ಒದ್ದೆ ಕೈಗಳಲ್ಲಿ ಹಿಡಿದುಕೊಂಡಳು.

"ಬರ್ಲಿ" ಎಂದಳು.