ನನ್ನ ದನಿಯಲ್ಲಿ ಅಮ್ಮ

ನನ್ನಮ್ಮ ಮದುವೆಗೆ ಮುಂಚೆ ಸೊಳ್ಳೆಯಾಗಿದ್ದಳು, ಅಳಿಲಾಗಿದ್ದಳು, ಒಂದು ಸಲ ನಲ್ಲಿಯಿಂದ ತೊಟ್ಟಿಕ್ಕುವ ನೀರಿನ ಹನಿಯೂ ಆಗಿದ್ದಳು. ಕನ್ನಡದಲ್ಲಿ ಕಾರ್ಟೂನು ಅಂದರೆ ಏನೆಂದು ಜನಕ್ಕೆ ಇನ್ನೂ ಸರಿಯಾಗಿ ಗೊತ್ತಿಲ್ಲದ ಕಾಲ ಅದು. ಟಾಕೀಸಿನಲ್ಲಿ ದೊಡ್ಡ ಸಿನಿಮಾ ಶುರುವಾಗುವ ಮೊದಲು ಐದು ನಿಮಿಷದ ಕಾರ್ಟೂನು ಹಾಕುತ್ತಿದ್ದರು. ನೀರು ಕಾಯಿಸಿ ಕುಡಿಯಿರಿ, ಮನೆ ಸುತ್ತ ಕೊಚ್ಚೆ ನಿಲ್ಲಲು ಬಿಡಬೇಡಿ, ಇಂಥ ಬುದ್ಧಿಮಾತುಗಳು. ಮದರಾಸಿನ ಒಂದು ಸ್ಟುಡಿಯೊದಲ್ಲಿ ನಿಂತು ಅವಕ್ಕೆ ಕನ್ನಡದ ದನಿ ಕೊಟ್ಟವಳು ಅಮ್ಮ. ಗಾಜಿನ ಆಚೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಆ ದನಿಯನ್ನು ಟೇಪಿಗೆ ಇಳಿಸುತ್ತಿದ್ದವರು ಅಪ್ಪ. "ಸೊಳ್ಳೆ ಸಾಯೋ ಸೀನಿಗೆ ಐದು ಟೇಕ್ ತಗೊಂಡ್ರು ಈ ಮಹಾಶಯರು. ಒಂದೇ ಸಾಕಿತ್ತು," ಎಂದು ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ. ಮದುವೆಯಾದದ್ದು ಅದಾದ ಮೇಲೆ.

ಪರದೆಯ ಮೇಲೆ ಅವಳ ಹೆಸರು ಒಂದು ಸಲವೂ ಬರಲಿಲ್ಲ. ಆಮೇಲೆ ಅಪ್ಪನಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿತು, ಅಣ್ಣ ಹುಟ್ಟಿದ, ನಾನು ಹುಟ್ಟಿದೆ, ಮದರಾಸಿನಿಂದ ಕರೆ ಬರುವುದು ನಿಂತಿತು. ನಾವು ಊಟಕ್ಕೆ ಹಟ ಮಾಡಿದಾಗ ತಟ್ಟೆಯಲ್ಲಿದ್ದ ಹಾಗಲಕಾಯಿ ಅವಳ ಬಾಯಿಂದ ಗೋಳಾಡುತ್ತಿತ್ತು, ಅಷ್ಟು ಬಿಟ್ಟರೆ ಅವಳ ಕಲೆಗೆ ಬೇರೆ ಗಿರಾಕಿಗಳಿರಲಿಲ್ಲ. ಬೇಜಾರಾಗಲ್ವಾ ಅಂತ ಕೇಳಿದರೆ, "ಬೇಜಾರು ಮಾಡ್ಕೊಳಕ್ಕೆ ಪುರುಸೊತ್ತೆಲ್ಲಿತ್ತು?" ಅನ್ನುತ್ತಿದ್ದಳು.

ಅಮ್ಮ ಆರು ತಿಂಗಳಿಗೆಂದು ಅಮೆರಿಕಕ್ಕೆ, ಡೆಟ್ರಾಯ್ಟ್ ಹತ್ತಿರದ ಕ್ಯಾಂಟನ್ನಿನ ನಮ್ಮ ಮನೆಗೆ ಬಂದದ್ದು ರಿಸೆಷನ್ನಿನ ನಟ್ಟನಡುವೆ. ಅಪ್ಪನಿಗೆ ಬೈಪಾಸ್ ಆಗಿ ವರ್ಷ ತುಂಬಿರಲಿಲ್ಲ, ವಿಮಾನ ಬೇಡ ಎಂದು ಅಣ್ಣನ ಮನೆಯಲ್ಲೇ ಉಳಿದರು. ಅಮ್ಮ ಬಂದ ಹನ್ನೊಂದನೇ ದಿನ ನನ್ನ ಕೆಲಸ ಹೋಯಿತು. ಕಾರಿನ ಬ್ರೇಕು ಮಾಡುವ ಕಂಪನಿ, ಆಬರ್ನ್ ಹಿಲ್ಸ್‌ನಲ್ಲಿ. ಒಂಬತ್ತು ವರ್ಷ ದುಡಿದವಳನ್ನು ಇಪ್ಪತ್ತೇ ನಿಮಿಷದಲ್ಲಿ ಒಂದು ರಟ್ಟಿನ ಡಬ್ಬದ ಸಮೇತ ಪಾರ್ಕಿಂಗ್ ಲಾಟಿಗೆ ತಂದು ಬಿಟ್ಟರು. ಮನೆಗೆ ನಲವತ್ತು ಮೈಲಿ. ಅವತ್ತು ಹೈವೇಯಲ್ಲಿ ಯಾವ ಎಕ್ಸಿಟ್ ತಗೊಂಡೆ, ಹೇಗೆ ಬಂದೆ, ದೇವರಾಣೆ ನೆನಪಿಲ್ಲ. ಗಂಡ ಸೋಮವಾರದಿಂದ ಶುಕ್ರವಾರದವರೆಗೆ ಶಿಕಾಗೋದಲ್ಲಿ ಕಾಂಟ್ರಾಕ್ಟ್ ಕೆಲಸ ಮಾಡುತ್ತಿದ್ದ. ಮನೆಯಲ್ಲಿದ್ದವಳು ಅಮ್ಮ ಒಬ್ಬಳೇ. ವಿಷಯ ಕೇಳಿ, "ಹೋದ್ರೆ ಹೋಗ್ಲಿ ಬಿಡೇ, ಬಾ, ಚಿತ್ರಾನ್ನ ಬಿಸಿ ಇದೆ," ಅಂದಳು.

ಆ ವರ್ಷ ಇಂಡಿಯನ್ ಸ್ಟೋರಿನಲ್ಲಿ ಮಂಗಳವಾರ ಮಧ್ಯಾಹ್ನ ಗಂಡಸರು ಕೊತ್ತಂಬರಿ ಸೊಪ್ಪು ಆರಿಸುತ್ತ ನಿಂತಿರುತ್ತಿದ್ದರು. ಆ ಹೊತ್ತಿಗೆ ಅವರೆಲ್ಲ ಎಲ್ಲಿರಬೇಕಾಗಿತ್ತು ಅಂತ ಎಲ್ಲರಿಗೂ ಗೊತ್ತು, ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಊರಿನವರ ಮುಂದೆ ನನಗೇನೂ ನಾಚಿಕೆಯಿರಲಿಲ್ಲ. ನನ್ನ ಭಯವೆಲ್ಲ ಅಪ್ಪನದು. ಹುಡುಗಿಗೆ ಮೆಕ್ಯಾನಿಕಲ್ ಯಾಕೆ ಅಂತ ಮನೆಮಂದಿಯೆಲ್ಲ ಮೂಗು ಮುರಿದಾಗ ನನ್ನ ಪರ ನಿಂತವರು ಅವರೊಬ್ಬರೇ. ಪಾರ್ಕಿನಲ್ಲಿ ವಾಕಿಂಗಿಗೆ ಬರುವವರಿಗೆಲ್ಲ ಮಗಳ ಬ್ರೇಕಿನ ಪುರಾಣ ಹೇಳುತ್ತಿದ್ದರು. ಡಾಕ್ಟರು ಟೆನ್ಷನ್ ಕೂಡದು ಅಂದಿದ್ದರು. ಮುಚ್ಚಿಡೋಣವೆಂದರೆ ನನಗೆ ಸುಳ್ಳು ಹೇಳಲು ಬರುವುದಿಲ್ಲ, ಬಾಯಿ ತೆಗೆದರೆ ಅಳು.

ಪ್ರತಿ ಶನಿವಾರ ಬೆಳಿಗ್ಗೆ ಕಾಲಿಂಗ್ ಕಾರ್ಡ್ ಹಾಕಿ ಮೈಸೂರಿಗೆ ಮಾತಾಡುವುದು ನಮ್ಮ ರೂಢಿ. ಆ ಶನಿವಾರ ನಾನು ಬಾತ್‌ರೂಮಿನಲ್ಲಿ ಅಡಗಿ ಕೂತೆ. ಅಮ್ಮ ಬಾಗಿಲು ತಟ್ಟಿದಳು. "ನೀನು ಮಾತಾಡ್ಬೇಡ. ನಾನೇ ನೀನಾಗ್ತೀನಿ."

"ತಲೆ ಕೆಟ್ಟಿದ್ಯಾ ಅಮ್ಮ? ಅಪ್ಪನಿಗೆ ಗೊತ್ತಾಗಲ್ವಾ?"

"ಅವರ ಕಿವಿ ಈಗ ಮೊದಲಿನಷ್ಟು ಚುರುಕಿಲ್ಲ. ಫೋನೂ ಗೊರಗೊರ ಅನ್ನುತ್ತೆ. ನೋಡ್ತಿರು."

ಮೊದಲು ಅಮ್ಮನಾಗಿ ಐದು ನಿಮಿಷ ಮಾತಾಡಿದಳು. "ರೀ, ಅವಳಿಗೆ ಕೊಡ್ತೀನಿ ಇರಿ," ಎಂದು ಫೋನನ್ನು ಎದೆಗೆ ಒತ್ತಿಕೊಂಡಳು. ಚಪ್ಪಲಿ ಬಿಟ್ಟಳು. ಅಡುಗೆಕಟ್ಟೆಗೆ ಸೊಂಟ ಆನಿಸಿ, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು, ತಲೆ ಓರೆ ಮಾಡಿ ನಿಂತಳು. ಅಯ್ಯೋ, ನಾನು ಹಾಗೆ ನಿಲ್ಲುತ್ತೇನೆಂದು ನನಗೇ ಗೊತ್ತಿರಲಿಲ್ಲ! ದನಿ ಬದಲಾಗುವುದು ಗಂಟಲಿನಲ್ಲಲ್ಲ, ನಿಲ್ಲುವುದರಲ್ಲಿ ಅನ್ನುತ್ತಿದ್ದಳು. ಆಮೇಲೆ, "ಅಪ್ಪಾ, ಮಾತ್ರೆ ತಗೊಂಡ್ರಾ?" ಅಂದಳು. ಆ ಅಡುಗೆಮನೆಯಲ್ಲಿ ನನ್ನ ಎದುರಿಗೆ ನಾನೇ ನಿಂತಿದ್ದೆ. ಅರವತ್ತೇಳು ವರ್ಷದ ಹೆಂಗಸು, ಬಾಯಿ ತೆಗೆದರೆ ಮೂವತ್ತೈದು. ಬಾಗಿಲ ಹತ್ತಿರ ನಿಂತಿದ್ದ ನನ್ನ ಗಂಡ ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಓಡಿ ಹೋಗಿ ನಕ್ಕ.

ಹೀಗೆ ನಾಲ್ಕು ತಿಂಗಳು ನಡೆಯಿತು. ನಾನು ವಾರವಿಡೀ ಅಪ್ಲೈ ಮಾಡುವುದು, ಶನಿವಾರ ಅಮ್ಮ ನನ್ನ ಸುಖದ ಉದ್ಯೋಗದ ಕಥೆ ಹೇಳುವುದು. ಅವಳ ಮುಖಕ್ಕೆ ಒಂದು ಕಳೆ ಬಂದಿತ್ತು. ಶುಕ್ರವಾರವೇ ಮೊಸರು ಬಿಡುತ್ತಿದ್ದಳು, ಗಂಟಲು ಕಟ್ಟಬಾರದಲ್ಲ! ಬ್ರೇಕಿನ ವಿಷಯ ನಾಲ್ಕು ಮಾತು ಹೇಳಿಕೊಡು ಅಂತ ಗಂಟುಬೀಳುತ್ತಿದ್ದಳು. ಒಂದು ಶನಿವಾರ ನನಗೆ ಪ್ರಮೋಷನ್ನೂ ಕೊಟ್ಟುಬಿಟ್ಟಳು. ಫೋನ್ ಇಟ್ಟ ಕೂಡಲೇ ನಾನು ಕೂಗಾಡಿದೆ. "ಏನಮ್ಮಾ ಇದು! ಇಲ್ಲದ ಕೆಲಸಕ್ಕೆ ಪ್ರಮೋಷನ್ ಬೇರೆ!"

"ಪಾತ್ರ ಆ ಕಡೆ ಎಳ್ಕೊಂಡು ಹೋಯ್ತು ಕಣೇ," ಅಂದಳು. ಒಂದಿಷ್ಟೂ ಪಶ್ಚಾತ್ತಾಪವಿಲ್ಲ.

ನನಗೆ ಕೋಪ ಬಂದದ್ದು ನಿಜ. ಹೊಟ್ಟೆಕಿಚ್ಚೂ ಆಗಿತ್ತು, ಹೇಳಿಬಿಡುತ್ತೇನೆ. ಫೋನಿನಲ್ಲಿದ್ದ ಆ ಮಗಳು ನನಗಿಂತ ಗಟ್ಟಿಗಿತ್ತಿ, ನಗುನಗುತ್ತಾ ಇರುವವಳು. ಅಪ್ಪನಿಗೆ ಅವಳೇ ಸಾಕೇನೋ ಅಂತ ನನಗನ್ನಿಸುತ್ತಿತ್ತು.

ಆಗಸ್ಟಿನ ಒಂದು ಗುರುವಾರ ಬೆಳಿಗ್ಗೆ ಅಮ್ಮ ಸೀರೆಯ ಮೇಲೆ ಸ್ನೀಕರ್ಸ್ ಹಾಕಿಕೊಂಡು, ಪಕ್ಕದ ಬೀದಿಯ ಆಂಟಿಯ ಜೊತೆ ನಮ್ಮ ಬಡಾವಣೆ ಸುತ್ತಲು ಹೋಗಿದ್ದಳು. ಫೋನ್ ಬಂತು. ಇಂಟರ್‌ವ್ಯೂ ಇರಬಹುದೆಂದು ಓಡಿ ತೆಗೆದು "ಹಲೋ" ಅಂದೆ.

ಆ ಕಡೆಯಿಂದ ಅಪ್ಪ, "ಅಬ್ಬಾ, ಸಿಕ್ಕಿದ್ಯಲ್ಲ ಪುಟ್ಟಿ. ಕೆಲಸ ಯಾವಾಗ ಹೋಯ್ತು?" ಅಂದರು.

"ಯಾರು ಹೇಳಿದ್ರು ಅಪ್ಪಾ?"

"ಯಾರು ಹೇಳ್ಬೇಕು? ನಿಮ್ಮಮ್ಮ ಎಲ್ಲಿ ಉಸಿರು ತಗೋತಾಳೆ ಅಂತ ನನಗೆ ಗೊತ್ತಿಲ್ವಾ? ಟೇಪಲ್ಲಿ ಅವಳ ಉಸಿರು ಕತ್ತರಿಸಿ ಕತ್ತರಿಸಿ ತೆಗೀತಿದ್ದೋನು ನಾನು. ಮೊದಲನೇ ಶನಿವಾರವೇ ಗೊತ್ತಾಯ್ತು. ಇವಳು ನೀನಾಗಿ ಮಾತಾಡ್ತಿದಾಳೆ ಅಂದ್ರೆ ನಿನಗೆ ಮಾತಾಡೋ ಸ್ಥಿತಿ ಇಲ್ಲ ಅಂತ ತಾನೇ? ಪೇಪರಲ್ಲಿ ದಿನಾ ನೋಡ್ತಿದ್ದೆ, ಡೆಟ್ರಾಯ್ಟ್ ಕಡೆ ಕಾರ್ ಕಂಪನಿಗಳ ಗತಿ."

"ಮತ್ತೆ ಯಾಕಪ್ಪಾ ಸುಮ್ಮನಿದ್ರಿ?"

"ಎಷ್ಟು ವರ್ಷ ಆದ್ಮೇಲೆ ಅವಳು ಕೆಲಸ ಮಾಡ್ತಿದ್ಲು! ಏನು ಚೆನ್ನಾಗಿ ಮಾಡ್ತಾಳೆ. ನಿಲ್ಲಿಸೋಕೆ ಮನಸ್ಸಾಗ್ಲಿಲ್ಲ. ನೀನೇ ಒಂದಿನ ಬರ್ತೀಯ ಅಂತ ಕಾಯ್ತಿದ್ದೆ. ನಾಲ್ಕು ತಿಂಗಳಾಯ್ತು ಪುಟ್ಟಿ, ನಿನ್ನ ದನಿ ಕೇಳಿ. ಕೆಲಸ ಹೋದ್ರೆ ಹೋಗ್ಲಿ. ನೀನೂ ಹೋಗಿಬಿಟ್ರೆ ನಾನೇನು ಮಾಡ್ಲಿ?"

ಅವರ ಹೃದಯಕ್ಕೆ ತೊಂದರೆಯಾಗದಿರಲಿ ಎಂದು ನಾನು ಮಾಡಿದ್ದೇನು ಅಂತ ಆಗ ಗೊತ್ತಾಯಿತು. ಆ ಮುದುಕರಿಗೆ ಬೇಕಾಗಿದ್ದ ಒಂದೇ ಒಂದನ್ನು ಕಿತ್ತುಕೊಂಡಿದ್ದೆ. ಅತ್ತೆ, ಚಿಕ್ಕ ಹುಡುಗಿಯ ಹಾಗೆ ಅತ್ತೆ. ಅಪ್ಪ ಸುಮ್ಮನಿರು ಅನ್ನಲಿಲ್ಲ, ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಗುರುವಾರ ಗುರುವಾರ ನೀನು ಫೋನ್ ಮಾಡು. ಶನಿವಾರ ಅವಳದು, ಅದು ಹಾಗೇ ನಡೀಲಿ. ಅವಳಿಗೆ ಹೇಳ್ಬೇಡ," ಅಂದರು.

ಆ ಶನಿವಾರ ನಾನು ಬಾತ್‌ರೂಮಿಗೆ ಹೋಗಲಿಲ್ಲ, ಅಮ್ಮನ ಎದುರೇ ಸ್ಟೂಲ್ ಎಳೆದುಕೊಂಡು ಕೂತೆ. ಅಮ್ಮ ಚಪ್ಪಲಿ ಬಿಟ್ಟು ನಿಂತು ಇಪ್ಪತ್ತು ನಿಮಿಷ ನಾನಾದಳು. ಅಪ್ಪ ಆ ಕಡೆಯಿಂದ ಏನು ಕೇಳಿದರೋ, ಜೋರಾಗಿ ನಕ್ಕಳು. ಫೋನಿಟ್ಟು, ಸೆರಗಿನಿಂದ ಹಣೆ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಹೆಂಗಿತ್ತು? ನಿಮ್ಮಪ್ಪನಿಗೆ ಒಂಚೂರೂ ಅನುಮಾನ ಬಂದಿಲ್ಲ ನೋಡು."

"ಇಲ್ಲಮ್ಮ," ಅಂದೆ, "ಒಂಚೂರೂ ಬಂದಿಲ್ಲ."